ರಿವಾಲ್ವರ್ ಸಿಲಿಂಡರ್‌ನಲ್ಲಿ ಕೇಸ್ ಕಚ್ಚಿಕೊಳ್ಳುತ್ತಿದೆ, ಉಪ್ಪುಕಾಗದ ಹಾಕಿ ಉಜ್ಜಲಾ?

ಓದುಗರೊಬ್ಬರ ಪ್ರಶ್ನೆ ಹೀಗಿದೆ: "ನನ್ನ ಹತ್ತಿರ ಆರು ಗುಂಡಿನ .357 ಮ್ಯಾಗ್ನಮ್ ರಿವಾಲ್ವರ್ ಇದೆ, ಲೈಸೆನ್ಸ್ ಇದೆ. ಹಿಂದಿನ ಮಾಲೀಕರು ಇದಕ್ಕೆ ಬೇರೆ ಸಿಲಿಂಡರ್ ಹಾಕಿಸಿದ್ದರಂತೆ. ಅದರ ಮೆಷಿನ್ ಕೆಲಸ ತುಂಬಾ ಒರಟು. ಎರಡು ಚೇಂಬರ್‌ನಲ್ಲಿ ಖಾಲಿ ಕೇಸ್ ಕಚ್ಚಿಕೊಳ್ಳುತ್ತದೆ, ಹೊಡೆದು ತೆಗೆಯಬೇಕು. ತೆಗೆದ ಕೇಸ್ ಮೇಲೆ ಉಂಗುರದ ಹಾಗೆ ಗೀರುಗಳಿರುತ್ತವೆ. ಇನ್ನೊಂದು ಚೇಂಬರ್ ಪಕ್ಕಕ್ಕೆ ಸೀಸ ಉಗುಳುತ್ತದೆ. ಗುರಿಯೂ ಚೆದುರುತ್ತದೆ. ಡ್ರಿಲ್‌ಗೆ ಉಪ್ಪುಕಾಗದ ಸುತ್ತಿ ಒಳಗೆ ಉಜ್ಜಿದರೆ ಸರಿ ಹೋಗುತ್ತಾ? ಜಾಸ್ತಿ ಸವೆದರೆ ವೆಲ್ಡ್ ತುಂಬಿಸಿ ಮತ್ತೆ ಕೊರೆಸಬಹುದಾ?"

ಹೊಸಬರಿಗೆ ಒಂದು ಮಾತು: ಸಿಲಿಂಡರ್ ಅಂದರೆ ರಿವಾಲ್ವರ್‌ನಲ್ಲಿ ತಿರುಗುವ ಉಕ್ಕಿನ ಉರುಳೆ, ಚೇಂಬರ್ ಅಂದರೆ ಅದರಲ್ಲಿ ಒಂದೊಂದು ತೋಟಾ ಕೂರುವ ತೂತು, ಕೇಸ್ ಅಂದರೆ ತೋಟಾದ ಹಿತ್ತಾಳೆ ಕೋಶ. ಎರಡು ಪ್ರಶ್ನೆಗೂ ಬೇಡ ಅಂತಲೇ ನನ್ನ ಉತ್ತರ. ಉಪ್ಪುಕಾಗದ ಬೇಡ. ವೆಲ್ಡ್ ಅಂತೂ ಬೇಡವೇ ಬೇಡ. ಆದರೆ ಆ ಸಿಲಿಂಡರ್ ಕೆಟ್ಟೇ ಹೋಯಿತು ಅಂತ ಈಗಲೇ ತೀರ್ಮಾನಿಸಬೇಡಿ. ನೀವು ಹೇಳಿದ ಮೂರು ತೊಂದರೆಗಳಲ್ಲಿ ಎರಡನ್ನು ಸರಿ ಮಾಡಲು ಆಗಬಹುದು. ಮೂರನೆಯದು, ಆ ಸೀಸ ಉಗುಳುವ ಚೇಂಬರ್, ಅದರ ಕಾರಣ ಏನು ಅನ್ನುವುದರ ಮೇಲೆ ಇಡೀ ಸಿಲಿಂಡರ್‌ನ ಗತಿ ನಿಂತಿದೆ. ಹಾಗಾಗಿ ಏನನ್ನೂ ಉಜ್ಜುವ ಮುಂಚೆ ಅಳತೆ ಮಾಡಿ. ಈ ಕೆಲಸದಲ್ಲಿ ತೆಗೆದ ಲೋಹ ತಿರುಗಿ ಬರುವುದಿಲ್ಲ. ಮರದ ಕೆಲಸದಲ್ಲಿ ಜಾಸ್ತಿ ಕೊರೆದರೆ ಒಂದು ಚಕ್ಕೆ ಅಂಟಿಸಿ ತುಂಬಬಹುದು. ಇಲ್ಲಿ ಅದಕ್ಕೆ ದಾರಿ ಇಲ್ಲ.

ಮೊದಲು ಒಂದು ಚೇಂಬರ್ ಒಳಗೆ ಏನೇನಿದೆ ಅಂತ ನೋಡೋಣ. ಹೊರಗಿನಿಂದ ಒಂದೇ ತೂತಿನ ಹಾಗೆ ಕಾಣುತ್ತದೆ, ಆದರೆ ಒಳಗೆ ಎರಡು ಅಳತೆಗಳಿವೆ. ಹಿಂಭಾಗದಲ್ಲಿ ಹಿತ್ತಾಳೆ ಕೇಸ್ ಕೂರುವ ಅಗಲವಾದ ಭಾಗ. ಅದು ಮುಂದಕ್ಕೆ ಹೋದಂತೆ ಕೂದಲೆಳೆಗಿಂತಲೂ ಕಡಿಮೆಯಷ್ಟು ಕಿರಿದಾಗುತ್ತದೆ, ಕೇಸ್ ಸಲೀಸಾಗಿ ಹೊರಗೆ ಬರಲಿ ಅಂತಲೇ ಹಾಗೆ ಮಾಡಿರುತ್ತಾರೆ. ಅದು ಮುಗಿಯುವಲ್ಲಿ ಒಂದು ಮೆಟ್ಟಿಲು. ಮೆಟ್ಟಿಲಿನಿಂದ ಮುಂದೆ, ಸಿಲಿಂಡರ್‌ನ ಮೂತಿಯ ತನಕ, ಬರೀ ಗುಂಡು ಹಾದು ಹೋಗುವಷ್ಟು ಕಿರಿದಾದ ಭಾಗ. ಅದಕ್ಕೆ ಥ್ರೋಟ್ ಅಂತಾರೆ, ನಾನು ಗಂಟಲು ಅಂತಲೇ ಕರೆಯುತ್ತೇನೆ. ಕೇಸ್ ಕಚ್ಚಿಕೊಂಡರೆ ತೊಂದರೆ ಹಿಂಭಾಗದಲ್ಲಿದೆ. ಗುರಿ ಚೆದುರಿದರೆ, ನಳಿಗೆಯಲ್ಲಿ ಸೀಸ ಮೆತ್ತಿಕೊಂಡರೆ, ಮೊದಲು ಅನುಮಾನ ಪಡಬೇಕಾದದ್ದು ಗಂಟಲನ್ನು. ಇವೆರಡಕ್ಕೂ ಉಪಕರಣ ಬೇರೆ, ಮದ್ದು ಬೇರೆ. ಒಂದಕ್ಕೆ ಮಾಡಬೇಕಾದ್ದನ್ನು ಇನ್ನೊಂದಕ್ಕೆ ಮಾಡಿ ಒಳ್ಳೆಯ ಸಿಲಿಂಡರ್ ಹಾಳು ಮಾಡಿದವರನ್ನು ನಾನು ತುಂಬಾ ನೋಡಿದ್ದೇನೆ.

ಒತ್ತಡದ ವಿಷಯವನ್ನೂ ಹೇಳಿಬಿಡುತ್ತೇನೆ, ಏಕೆಂದರೆ ನಾನು ಮುಂದೆ ಹೇಳುವ ಎಲ್ಲ 'ಬೇಡ'ಗಳೂ ಇದರಿಂದಲೇ ಬರುತ್ತವೆ. .357 ರಿವಾಲ್ವರ್‌ನಲ್ಲೇ ಹೊಡೆಯಬಹುದಾದ ಗಿಡ್ಡ ತೋಟಾ .38 ಸ್ಪೆಷಲ್. ಅದರ ಗರಿಷ್ಠ ಒತ್ತಡ ಒಂದು ಚದರ ಇಂಚಿಗೆ 17,000 ಪೌಂಡ್. .357 ಮ್ಯಾಗ್ನಮ್‌ದು 35,000. ಎರಡಕ್ಕೂ ಗುಂಡಿನ ಅಗಲ ಒಂದೇ, ಕೇಸಿನ ಅಗಲ ಒಂದೇ, ಆದರೆ ಒತ್ತಡ ದುಪ್ಪಟ್ಟು. ಅದನ್ನು ತಡೆಯುವುದು ಚೇಂಬರ್ ಸುತ್ತ ಇರುವ ತೆಳ್ಳಗಿನ ಉಕ್ಕಿನ ಗೋಡೆ. ಆರು ಗುಂಡಿನ ಸಿಲಿಂಡರ್‌ನಲ್ಲಿ ಎಲ್ಲಕ್ಕಿಂತ ತೆಳು ಜಾಗ ಯಾವುದು ಗೊತ್ತಾ? ಸಿಲಿಂಡರ್ ಅಲ್ಲಾಡದಂತೆ ಹಿಡಿಯುವ ಸಣ್ಣ ಲೋಹದ ತುಂಡು, ಅಂದರೆ ಬೋಲ್ಟ್, ಹೊರಗಿನಿಂದ ಬಂದು ಕೂರುವ ಕಚ್ಚು ಇದೆಯಲ್ಲ, ಬಹಳಷ್ಟು ಮಾದರಿಗಳಲ್ಲಿ ಅದು ನೇರ ಚೇಂಬರ್ ನೆತ್ತಿಯ ಮೇಲೋ ಅದರ ಪಕ್ಕಕ್ಕೋ ಬರುತ್ತದೆ. ಐದು ಗುಂಡಿನದ್ದರಲ್ಲಿ ಸಾಮಾನ್ಯವಾಗಿ ಎರಡು ಚೇಂಬರ್‌ಗಳ ನಡುವೆ ಬೀಳುತ್ತದೆ, ಅದಕ್ಕೇ ದೊಡ್ಡ ತೋಟಾಗಳಿಗೆ ಐದು ಗುಂಡಿನ ಸಿಲಿಂಡರ್ ಇಷ್ಟಪಡುತ್ತಾರೆ. ನಿಮ್ಮದು ಆರು. ಹಾಗಾಗಿ ಒಳಗಿನಿಂದ ಲೋಹ ತೆಗೆಯುವಾಗಲೆಲ್ಲ ಆ ಕಚ್ಚು ಕಣ್ಣ ಮುಂದೆ ಇರಲಿ.

ಈಗ ಕೆಲಸಕ್ಕೆ ಬರೋಣ. ರಿವಾಲ್ವರ್ ಖಾಲಿ ಮಾಡಿ. ಆರೂ ಚೇಂಬರ್‌ಗೆ ಬೆರಳಿಟ್ಟು ನೋಡಿ, ಬರೀ ಕಣ್ಣಲ್ಲಿ ನೋಡಿದರೆ ಸಾಲದು. ತೋಟಾಗಳನ್ನು ಆ ಕೋಣೆಯಿಂದಲೇ ಹೊರಗಿಡಿ. ಆಮೇಲೆ ಮಾತ್ರ ಸಿಲಿಂಡರ್ ಬಿಚ್ಚಿ.

ಆಮೇಲಿನ ಕೆಲಸ ತೊಳೆಯುವುದು. ಇದನ್ನು ಹೇಳಿದರೆ ಕೆಲವರಿಗೆ ಬೇಜಾರಾಗುತ್ತದೆ, 'ನಾನು ಯಾವಾಗಲೂ ಕ್ಲೀನ್ ಮಾಡ್ತೀನಿ ಸಾರ್' ಅನ್ನುತ್ತಾರೆ. ಆದರೂ ಕೇಳುತ್ತೇನೆ, ಆ ರಿವಾಲ್ವರ್‌ನಲ್ಲಿ .38 ಸ್ಪೆಷಲ್ ಹೊಡೆದಿದ್ದಾರಾ? .38ರ ಕೇಸ್ ಉದ್ದ ಸುಮಾರು 29.3 ಮಿಲಿಮೀಟರ್, .357ರದ್ದು ಸುಮಾರು 32.8. ಗಿಡ್ಡ ಕೇಸನ್ನು ಉದ್ದ ಚೇಂಬರ್‌ನಲ್ಲಿ ಸಾವಿರಾರು ಸಲ ಹೊಡೆದಾಗ ಆ ಮೂರೂವರೆ ಮಿಲಿಮೀಟರ್ ಜಾಗದಲ್ಲಿ ಮಸಿ ಮತ್ತು ಸೀಸ ಸೇರಿ ಕಲ್ಲಿನಂಥ ಉಂಗುರ ಕಟ್ಟುತ್ತದೆ. ಆಮೇಲೆ .357 ಹಾಕಿದರೆ ಕೇಸಿನ ಬಾಯಿ ಆ ಉಂಗುರಕ್ಕೆ ಸಿಕ್ಕಿಕೊಳ್ಳುತ್ತದೆ. ಇದು ಒರಟು ಮೆಷಿನಿಂಗ್ ಮಾಡಿದ ಹಾಗೇ ಕಾಣುತ್ತದೆ, ಕೇಸ್ ಕಚ್ಚಿಕೊಳ್ಳುವುದೂ ಹಾಗೇ. ಒತ್ತಡವೂ ಏರುತ್ತದೆ, ಏಕೆಂದರೆ ಕೇಸಿನ ಬಾಯಿ ಬಿಚ್ಚಿಕೊಂಡು ಗುಂಡು ಬಿಡಲು ಜಾಗವಿಲ್ಲ. ಮಸಿ ಸಡಿಲಿಸುವ ಒಳ್ಳೆಯ ದ್ರಾವಣ, ಅಂದರೆ ಸಾಲ್ವೆಂಟ್ ಹಾಕಿ ರಾತ್ರಿಯಿಡೀ ಬಿಡಿ, ಬೆಳಿಗ್ಗೆ ಒಂದು ಅಳತೆ ದೊಡ್ಡದಾದ ಕಂಚಿನ ಬ್ರಷ್ಷಿನಿಂದ ಉಜ್ಜಿ. ಉಕ್ಕಿನ ಬ್ರಷ್ ಬೇಡ. ಚೇಂಬರ್ ಕೆಟ್ಟಿದೆ ಅಂತ ತಂದ ರಿವಾಲ್ವರ್ ಬರೀ ಇಷ್ಟಕ್ಕೇ ಸರಿ ಹೋಗಿ ಹೊರಟದ್ದು ನನ್ನ ಬೆಂಚಿನ ಮೇಲೆ ಒಂದೆರಡು ಸಲ ಅಲ್ಲ ಆಗಿರುವುದು.

ತೊಳೆದ ಮೇಲೂ ಗೀರು ಬಂದರೆ ಪರೀಕ್ಷೆ ಶುರು. ಚೇಂಬರ್‌ಗಳಿಗೆ ಮಾರ್ಕರ್‌ನಿಂದ 1ರಿಂದ 6ರ ತನಕ ನಂಬರ್ ಹಾಕಿ. ಪ್ರತಿ ಕೇಸಿನ ತಳಕ್ಕೂ ಅದೇ ನಂಬರ್. ಒಂದೇ ಡಬ್ಬಿಯ ಕಾರ್ಖಾನೆ ತೋಟಾ ಬಳಸಿ, ಮೂರು ಸುತ್ತು ಹೊಡೆದು ಯಾವುದು ಎಲ್ಲಿ ಕಚ್ಚಿತು ಅಂತ ಬರೆದಿಡಿ. ಆರೂ ಕಚ್ಚಿದರೆ ತೋಟಾ ಮೇಲೂ ಅನುಮಾನ ಪಡಿ, ಬೇರೆ ಡಬ್ಬಿ ತನ್ನಿ. ಯಾವಾಗಲೂ 2 ಮತ್ತು 5 ಮಾತ್ರ ಕಚ್ಚಿದರೆ ತೋಟಾ ಅಮಾಯಕ, ತಪ್ಪು ಆ ಎರಡು ಚೇಂಬರ್‌ದು. ಒಂದು ವೇಳೆ ಕೇಸ್ ಸೀಳಿ ಬಂದರೆ, ಅದೂ ಒಂದೇ ಚೇಂಬರ್‌ನಲ್ಲಿ ಒಂದೇ ಕಡೆ ಪದೇ ಪದೇ ಸೀಳಿದರೆ, ಅಲ್ಲಿಗೆ ನಿಲ್ಲಿಸಿ. ಇನ್ನೊಂದು ಗುಂಡೂ ಬೇಡ. ಗೋಡೆ ಉಬ್ಬಿರಬಹುದು ಅಥವಾ ಬಿರುಕು ಬಿಟ್ಟಿರಬಹುದು. ಬಣ್ಣದ ದ್ರಾವಣ ಹಾಕಿ ಬಿರುಕು ಹುಡುಕುವ ಪರೀಕ್ಷೆ ಇದೆ, ಅದನ್ನು ಮಾಡಿಸಿ. ಬಿರುಕು ಕಂಡರೆ ಆ ಸಿಲಿಂಡರ್ ಗುಜರಿಗೆ, ಅದರ ಬಗ್ಗೆ ಚರ್ಚೆಯೇ ಇಲ್ಲ.

ನೀವು ಹೇಳಿದ ಉಂಗುರದ ಗೀರುಗಳಿಗೆ ಬರುತ್ತೇನೆ. ಇವು ರೀಮರ್, ಅಂದರೆ ತೂತನ್ನು ಸರಿಯಾದ ಅಳತೆಗೆ ಕೊರೆಯುವ ಹಲ್ಲಿನ ಉಪಕರಣ, ಬಿಟ್ಟು ಹೋದ ಗುರುತುಗಳು. ರೀಮರ್ ಮೊಂಡಾಗಿದ್ದರೆ, ಎಣ್ಣೆ ಸಾಲದಿದ್ದರೆ, ಚೂರು ಸಿಕ್ಕಿಕೊಂಡರೆ, ಇಲ್ಲವೇ ಉಪಕರಣ ನಡುಗಿದರೆ ಗೋಡೆಯ ಮೇಲೆ ಸುತ್ತಲೂ ಏರಿಳಿತ ಬೀಳುತ್ತದೆ. ಗುಂಡು ಹಾರಿದಾಗ ಹಿತ್ತಾಳೆ ಕೇಸ್ ಒಳಗಿನ ಒತ್ತಡಕ್ಕೆ ಉಬ್ಬಿ ಗೋಡೆಗೆ ಅಂಟುತ್ತದೆ. ಗೋಡೆ ನುಣುಪಾಗಿದ್ದರೆ ಒತ್ತಡ ಇಳಿದ ಕೂಡಲೇ ಹಿತ್ತಾಳೆ ತುಸು ಕುಗ್ಗಿ ಬಿಟ್ಟುಕೊಡುತ್ತದೆ. ಗೋಡೆಯಲ್ಲಿ ಉಂಗುರದ ತಗ್ಗುಗಳಿದ್ದರೆ ಹಿತ್ತಾಳೆ ಹಸಿ ಮಣ್ಣಿನ ಹಾಗೆ ಆ ತಗ್ಗಿನೊಳಗೆ ಹೊಕ್ಕು ಕೂರುತ್ತದೆ. ಆಮೇಲೆ ಎಳೆದರೆ ಬರುತ್ತಾ? ಉದ್ದುದ್ದ ಗೀರಿಗಿಂತ ಅಡ್ಡ ಉಂಗುರ ಹೆಚ್ಚು ಕಾಟ ಕೊಡುವುದು ಇದೇ ಕಾರಣಕ್ಕೆ.

ಇಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ಆ ತಗ್ಗು ಎಷ್ಟು ಆಳ? ಹತ್ತಿ ಸುತ್ತಿದ ಕಡ್ಡಿಯನ್ನು ಒಳಗೆ ಎಳೆಯಿರಿ, ಎಳೆ ಸಿಕ್ಕಿಕೊಂಡರೆ ಚೂಪು ಅಂಚು ಇದೆ ಅಂತ ಅರ್ಥ. ನಿಖರವಾಗಿ ತಿಳಿಯಬೇಕಾದರೆ ಚೇಂಬರ್‌ನ ಅಚ್ಚು ತೆಗೆಯಬೇಕು. ಇದಕ್ಕೆ ಸೆರೋಸೇಫ್ ಅನ್ನುವ ಮಿಶ್ರಲೋಹ ಸಿಗುತ್ತದೆ. ನೀರು ಕುದಿಯುವುದಕ್ಕಿಂತ ಕಡಿಮೆ ಬಿಸಿಯಲ್ಲಿ, ಸುಮಾರು 70ರಿಂದ 88 ಡಿಗ್ರಿಯೊಳಗೆ ಕರಗುತ್ತದೆ. ಗಂಟಲಿನ ಮುಂದಿನ ಬಾಯಿಗೆ ಬಿಗಿಯಾಗಿ ಬಟ್ಟೆ ತುರುಕಿ, ಹಿಂದಿನಿಂದ ಸುರಿದು, ಆರಿದ ಮೇಲೆ ಹಿಂದಕ್ಕೆ ತಳ್ಳಿ ತೆಗೆಯಬೇಕು. ಇದು ಮೊದಲು ಕುಗ್ಗಿ ಆಮೇಲೆ ಮೆಲ್ಲಗೆ ಹಿಗ್ಗುತ್ತದೆ. ಸುರಿದು ಸುಮಾರು ಒಂದು ಗಂಟೆಗೆ ಚೇಂಬರ್‌ನ ನಿಜವಾದ ಅಳತೆಗೆ ಬರುತ್ತದೆ, ಆಗ ಮೈಕ್ರೋಮೀಟರ್ ಹಿಡಿಯಿರಿ. ಮರುದಿನ ಅಳೆದರೆ ಲೆಕ್ಕ ತಪ್ಪು. ಇದರಲ್ಲಿ ಸೀಸ ಮತ್ತು ಕ್ಯಾಡ್ಮಿಯಂ ಇದೆ, ಹಾಗಾಗಿ ಗಾಳಿ ಆಡುವ ಜಾಗದಲ್ಲಿ ಮಾಡಿ, ಅಡುಗೆ ಪಾತ್ರೆ ಬಳಸಬೇಡಿ, ಜಾಸ್ತಿ ಕಾಯಿಸಬೇಡಿ. ಅಚ್ಚು ಕೈಗೆ ಬಂದಾಗ ನಿಮಗೆ ಚೇಂಬರ್‌ನ ಒಳಮೈ ಹೊರಗೆ ತಿರುಗಿಸಿಟ್ಟ ಹಾಗೆ ಕಾಣುತ್ತದೆ. ಎಷ್ಟೋ ವರ್ಷ ಈ ಕೆಲಸ ಮಾಡಿದರೂ ಆ ಕ್ಷಣ ನನಗೆ ಇನ್ನೂ ಖುಷಿ ಕೊಡುತ್ತದೆ.

ಅಳತೆಯ ಭಾಷೆ ಒಂದು ಹೇಳಿಬಿಡುತ್ತೇನೆ. ಒಂದು ಇಂಚಿನ ಸಾವಿರದ ಒಂದು ಪಾಲಿಗೆ ನಾವು ಒಂದು ಥೌ ಅಂತೀವಿ. ಒಂದು ಥೌ ಅಂದರೆ 0.025 ಮಿಲಿಮೀಟರ್. ಈ ಕೆಲಸವೆಲ್ಲ ಅರ್ಧ ಥೌ, ಒಂದು ಥೌ ಲೆಕ್ಕದಲ್ಲಿ ನಡೆಯುತ್ತದೆ.

ಗೀರುಗಳು ಮೇಲುಮೇಲಿನವಾಗಿದ್ದು, ಚೇಂಬರ್ ಅಳತೆ ಸರಿ ಇದ್ದರೆ, ಮದ್ದು ಹೋನಿಂಗ್, ಅಂದರೆ ಒಳಮೈಯನ್ನು ಮೆಲ್ಲಗೆ ಉಜ್ಜಿ ನುಣುಪು ಮಾಡುವುದು. ಫ್ಲೆಕ್ಸ್ ಹೋನ್ ಅಂತ ಸಿಗುತ್ತದೆ, ಬಾಟಲಿ ತೊಳೆಯುವ ಬ್ರಷ್ಷಿನ ಹಾಗೆ, ಕಡ್ಡಿಗಳ ತುದಿಯಲ್ಲಿ ಉಜ್ಜುವ ಒರಟು ಪುಡಿಯ ಸಣ್ಣ ಸಣ್ಣ ಉಂಡೆಗಳಿರುತ್ತವೆ. ಅದು ಚೇಂಬರ್‌ನ ಆಕಾರವನ್ನೇ ಹಿಂಬಾಲಿಸುತ್ತದೆ, ಹೊಸ ಆಕಾರ ಕೊಡಲು ಹೋಗುವುದಿಲ್ಲ. ನಿಮ್ಮ ತೋಟಾ ಅಳತೆಗೆಂದೇ ಮಾಡಿದ್ದನ್ನು ತನ್ನಿ. ಮೊದಲು 400 ಗ್ರಿಟ್, ಕೊನೆಗೆ 800 (ಅಂಕಿ ಹೆಚ್ಚಿದಷ್ಟೂ ಪುಡಿ ನಯ). ಧಾರಾಳವಾಗಿ ಹೋನಿಂಗ್ ಎಣ್ಣೆ. ಡ್ರಿಲ್ ನಿಧಾನಕ್ಕೆ ತಿರುಗಲಿ. ತಿರುಗುತ್ತಲೇ ಒಳಗೆ ಹೋಗಬೇಕು, ತಿರುಗುತ್ತಲೇ ಹೊರಗೆ ಬರಬೇಕು, ಒಳಗೆ ನಿಲ್ಲಬಾರದು. ಹತ್ತು ಹದಿನೈದು ಸೆಕೆಂಡ್ ಮುಂದೆ ಹಿಂದೆ ಆಡಿಸಿ, ನಿಲ್ಲಿಸಿ, ತೊಳೆದು ನೋಡಿ. ಮತ್ತೆ ಬೇಕಿದ್ದರೆ ಮತ್ತೆ ಹತ್ತು ಸೆಕೆಂಡ್. ಅವಸರ ಬೇಡ. ಎಲ್ಲ ಗೀರೂ ಮಾಯವಾಗಬೇಕು ಅಂತ ಹಟ ಹಿಡಿಯಬೇಡಿ. ಗೀರಿನ ಚೂಪು ಅಂಚು ಹೋದರೆ ಸಾಕು, ಕೇಸ್ ಬಿಟ್ಟುಕೊಡಲು ಶುರು ಮಾಡುತ್ತದೆ. ತಗ್ಗಿನ ತಳದ ತನಕ ಹೋಗಬೇಕು ಅಂತ ಉಜ್ಜುತ್ತಾ ಹೋದರೆ ಚೇಂಬರ್ ದೊಡ್ಡದಾಗುತ್ತದೆ, ಕೇಸ್ ಜಾಸ್ತಿ ಉಬ್ಬುತ್ತದೆ, ಮತ್ತೆ ಕಚ್ಚಿಕೊಳ್ಳುತ್ತದೆ! ಕನ್ನಡಿ ಹೊಳಪೂ ಬೇಡ. ಕೇಸ್ ಗೋಡೆಯನ್ನು ಸ್ವಲ್ಪ ಹಿಡಿದುಕೊಂಡಾಗಲೇ ಅದು ಹಿಂದಿನ ತಟ್ಟೆಗೆ ಬಡಿಯುವ ರಭಸ ಕಡಿಮೆಯಾಗುವುದು. ಅದೇ ಕಾರಣಕ್ಕೆ ಹೊಡೆಯುವ ಮುಂಚೆ ಚೇಂಬರ್‌ನೊಳಗಿನ ಎಣ್ಣೆ ಪೂರ್ತಿ ಒರೆಸಿರಬೇಕು.

ಉಪ್ಪುಕಾಗದ ಯಾಕೆ ಬೇಡ ಅಂತ ಈಗ ಹೇಳುತ್ತೇನೆ. ಕಲಿಯುವ ದಿನಗಳಲ್ಲಿ ನಾನೂ ಅದನ್ನು ಮಾಡಿದ್ದೇನೆ. ಒಂದು ಮರದ ಕಡ್ಡಿಗೆ ಸೀಳು ಹಾಕಿ, ಉಪ್ಪುಕಾಗದ ಸಿಕ್ಕಿಸಿ, ಡ್ರಿಲ್ ಹಾಕಿದೆ. ಐದು ನಿಮಿಷದಲ್ಲಿ ಒಳಗೆಲ್ಲ ಥಳಥಳ. ಆಮೇಲೆ ಅಳೆದರೆ ಹಿಂದಿನ ಬಾಯಿ ನಡುಭಾಗಕ್ಕಿಂತ ಮೂರು ಥೌ ಅಗಲವಾಗಿತ್ತು, ಗಂಟೆಯ ಬಾಯಿಯ ಹಾಗೆ. ಕಡ್ಡಿ ಒಳಗೆ ಹೋಗುವಾಗಲೂ ಬರುವಾಗಲೂ ವಾಲುತ್ತದೆ, ಅಂಚನ್ನೇ ಹೆಚ್ಚು ತಿನ್ನುತ್ತದೆ. ಕೇಸಿನ ತಳದ ಹತ್ತಿರ ಆಸರೆ ಬೇಕಾದ ಜಾಗವೇ ಅದು. ಆ ಸಿಲಿಂಡರ್ ಇನ್ನೂ ನನ್ನ ಬೆಂಚಿನ ಮೇಲಿದೆ. ಕಲಿಯಲು ಬಂದವರಿಗೆ ಮೊದಲು ಅದನ್ನೇ ಕೈಗೆ ಕೊಡುತ್ತೇನೆ.

ಹೋನ್ ಮಾಡುವಾಗ ಎಕ್ಸ್‌ಟ್ರಾಕ್ಟರ್ ನಕ್ಷತ್ರ ಅದರ ಜಾಗದಲ್ಲೇ ಇರಲಿ. ಕೇಸುಗಳನ್ನು ಒಟ್ಟಿಗೆ ಎತ್ತುವ ಆ ನಕ್ಷತ್ರಾಕಾರದ ತುಂಡಿನ ಅಂಚು ಪ್ರತಿ ಚೇಂಬರ್ ಗೋಡೆಯ ಒಂದು ಭಾಗ. ಅದನ್ನು ತೆಗೆದಿಟ್ಟು ಉಜ್ಜಿದರೆ ಅಲ್ಲಿ ಒಂದು ಮೆಟ್ಟಿಲು ಉಳಿಯುತ್ತದೆ. ಒರಟು ಕೆಲಸದ ಸಿಲಿಂಡರ್‌ಗಳಲ್ಲಿ ತೊಂದರೆ ಎಷ್ಟೋ ಸಲ ಚೇಂಬರ್‌ದೇ ಅಲ್ಲ, ಆ ನಕ್ಷತ್ರದ ಅಂಚಿನಲ್ಲಿ ಎದ್ದು ನಿಂತ ಲೋಹದ ಸಣ್ಣ ಮುಳ್ಳಿನದ್ದು. ಭೂತಗನ್ನಡಿ ಹಿಡಿದು ನೋಡಿ. ಕೇಸ್ ಮೇಲಿನ ಗೀರು ಸುತ್ತಲೂ ಇಲ್ಲದೆ ಒಂದೇ ಕಡೆ ಉದ್ದಕ್ಕೆ ಇದ್ದರೆ ಕಳ್ಳ ಇವನೇ. ನಯವಾದ ಕಲ್ಲಿನಿಂದ ಒಂದೆರಡು ಸಲ ತಾಗಿಸಿದರೆ ಹೋಗುತ್ತದೆ. ಆದರೆ ಅದರ ಅಂಚನ್ನು ಓರೆ ಮಾಡಲು ಹೋಗಬೇಡಿ, ಕೇಸಿನ ಅಂಚಿಗೆ ಅದರ ಹಿಡಿತ ತಪ್ಪಿ ಕೇಸ್ ನಕ್ಷತ್ರದ ಕೆಳಗೆ ಜಾರುತ್ತದೆ, ಅದು ಇನ್ನೂ ದೊಡ್ಡ ತಲೆನೋವು. ನಕ್ಷತ್ರದ ರಾಡ್ ಬಿಚ್ಚುವಾಗ ಕನಿಷ್ಠ ಎರಡು ಚೇಂಬರ್‌ನಲ್ಲಿ ಖಾಲಿ ಕೇಸ್ ಇಟ್ಟಿರಿ, ಇಲ್ಲದಿದ್ದರೆ ತಿರುಚುವ ಬಲವೆಲ್ಲ ನಕ್ಷತ್ರದ ಮೇಲೆ ಬಿದ್ದು ಅದು ಕೆಡುತ್ತದೆ. ಕೆಲವು ತಯಾರಕರ ರಾಡ್‌ಗೆ ಎಡಗೈ ಥ್ರೆಡ್ ಇರುತ್ತದೆ, ಅಂದರೆ ಮಾಮೂಲಿಗೆ ಉಲ್ಟಾ ತಿರುಗಿಸಿದರೆ ಬಿಚ್ಚುತ್ತದೆ. ಬರುತ್ತಿಲ್ಲ ಅಂತ ಬಲ ಹಾಕುವ ಮುಂಚೆ ಯಾವ ಕಡೆ ತಿರುಗಿಸಬೇಕು ಅಂತ ಖಚಿತ ಮಾಡಿಕೊಳ್ಳಿ.

ಇನ್ನು ಗಂಟಲು. ಗುರಿ ಚೆದುರುವುದಕ್ಕೆ ನಾನು ಮೊದಲು ನೋಡುವುದೇ ಇಲ್ಲಿ, ಮತ್ತು ಒರಟಾಗಿ ಮಾಡಿದ ಸಿಲಿಂಡರ್‌ನಲ್ಲಿ ಆರು ಗಂಟಲು ಆರು ಅಳತೆಯಲ್ಲಿರುವುದು ತೀರಾ ಸಾಮಾನ್ಯ. ನಳಿಗೆಯೊಳಗೆ ಗುಂಡನ್ನು ತಿರುಗಿಸುವ ತೋಡುಗಳಿರುತ್ತವೆ, ಗಂಟಲು ಆ ತೋಡಿನ ಅಳತೆಗೆ ಸಮ ಇರಬೇಕು, ಇಲ್ಲವೇ ಅದಕ್ಕಿಂತ ಅರ್ಧ ಥೌನಿಂದ ಒಂದು ಥೌ ದೊಡ್ಡದಿರಬೇಕು. .357ರಲ್ಲಿ ನಳಿಗೆಯ ತೋಡು ಸಾಮಾನ್ಯವಾಗಿ 0.357 ಇಂಚು. ಹಾಗಾದರೆ ಗಂಟಲು 0.358 ಇಂಚಿನ ಹತ್ತಿರ, ಅಂದರೆ ಸುಮಾರು 9.09 ಮಿಲಿಮೀಟರ್. ಗಂಟಲು ನಳಿಗೆಗಿಂತ ಕಿರಿದಾಗಿದ್ದರೆ ಸೀಸದ ಗುಂಡನ್ನು ಅದು ಹಿಂಡಿ ಸಣ್ಣದು ಮಾಡುತ್ತದೆ. ಆ ಸಣ್ಣಗಾದ ಗುಂಡು ನಳಿಗೆಗೆ ಸಡಿಲ. ಪಕ್ಕದಿಂದ ಬಿಸಿ ಅನಿಲ ನುಗ್ಗಿ ಸೀಸವನ್ನು ಕರಗಿಸಿ ನಳಿಗೆಗೆ ಮೆತ್ತುತ್ತದೆ. ಜನ ಸೀಸವನ್ನು ಬೈಯುತ್ತಾರೆ, ಇನ್ನೂ ಗಟ್ಟಿ ಗುಂಡು ತರುತ್ತಾರೆ. ಗಟ್ಟಿ ಗುಂಡು ಉಬ್ಬಿ ಜಾಗ ತುಂಬುವುದೇ ಇಲ್ಲ, ತೊಂದರೆ ಹೆಚ್ಚಾಗುತ್ತದೆ.

ಅಳೆಯಲು ಪಿನ್ ಗೇಜ್, ಅಂದರೆ ನಿಖರ ಅಳತೆಯ ಉಕ್ಕಿನ ಕಡ್ಡಿಗಳು ಬೇಕು, ಅರ್ಧ ಥೌ ಅಂತರದ್ದು ಸಿಕ್ಕರೆ ಒಳ್ಳೆಯದು. ವರ್ನಿಯರ್ ಕ್ಯಾಲಿಪರ್‌ನ ಒಳ ದವಡೆಯಿಂದ ಇಷ್ಟು ಸಣ್ಣ ದುಂಡು ತೂತು ಅಳೆದರೆ ಯಾವಾಗಲೂ ನಿಜಕ್ಕಿಂತ ಕಡಿಮೆ ತೋರಿಸುತ್ತದೆ, ಅದನ್ನು ನಂಬಬೇಡಿ. ಪಿನ್ ಇಲ್ಲದಿದ್ದರೆ ಒಂದೇ ಗುಂಡನ್ನು, ತೋಟಾ ಅಲ್ಲ, ಬಿಡಿ ಗುಂಡನ್ನು, ಮುಂದಿನಿಂದ ಆರೂ ಗಂಟಲಿಗೆ ಹಾಕಿ ಪೆನ್ಸಿಲ್‌ನಿಂದ ತಳ್ಳಿ. ಒಂದರಲ್ಲಿ ತಾನೇ ಬಿದ್ದು, ಇನ್ನೊಂದರಲ್ಲಿ ಹೆಬ್ಬೆರಳಿನ ಬಲ ಬೇಕಾದರೆ, ಗಂಟಲುಗಳು ಸಮ ಇಲ್ಲ ಅಂತ ಅಷ್ಟರಿಂದಲೇ ತಿಳಿಯಿತು. ಅಳತೆ ಅಂಕಿಯಲ್ಲಿ ಬರುವುದಿಲ್ಲ, ಆದರೆ ಹೋಲಿಕೆ ಸಿಗುತ್ತದೆ.

ಕಿರಿದಾದ ಗಂಟಲನ್ನು ಅಗಲ ಮಾಡಬಹುದು. ಇದು ಒಳ್ಳೆಯ ಸುದ್ದಿ, ಮತ್ತು ಈ ಎಲ್ಲ ರಿಪೇರಿಗಳಲ್ಲಿ ಅತಿ ಹೆಚ್ಚು ಫಲ ಕೊಡುವುದೂ ಇದೇ. ಇದಕ್ಕೆ ಪೈಲಟ್ ಇರುವ ಥ್ರೋಟ್ ರೀಮರ್ ಬೇಕು. ಪೈಲಟ್ ಅಂದರೆ ರೀಮರ್ ಮುಂದೆ ಇರುವ ನುಣುಪು ಕಡ್ಡಿ, ಅದು ಹಳೆಯ ಗಂಟಲಿಗೆ ಸರಿಯಾಗಿ ಕೂತು ರೀಮರನ್ನು ನೇರ ನಡೆಸುತ್ತದೆ. ಕೈಯಲ್ಲೇ ತಿರುಗಿಸಬೇಕು, ಮೆಷಿನ್‌ಗೆ ಹಾಕಬಾರದು. ಕಟಿಂಗ್ ಎಣ್ಣೆ ಸುರಿಯುತ್ತಿರಲಿ. ಕತ್ತರಿಸುವ ದಿಕ್ಕಿಗೆ ಮಾತ್ರ ತಿರುಗಿಸಿ, ಹೊರಗೆ ತೆಗೆಯುವಾಗಲೂ ಅದೇ ದಿಕ್ಕು. ಉಲ್ಟಾ ತಿರುಗಿಸಿದರೆ ಹಲ್ಲಿನ ಅಂಚು ಮುರಿಯುತ್ತದೆ, ಚೂರು ಗೋಡೆಯನ್ನು ಗೀರುತ್ತದೆ. ಪ್ರತಿ ಗಂಟಲು ಮುಗಿದಾಗಲೂ ಚೂರು ತೊಳೆಯಿರಿ. ಸ್ಟೇನ್‌ಲೆಸ್ ಆದರೆ ಇನ್ನೂ ಎಚ್ಚರ, ಅದು ಉಪಕರಣಕ್ಕೆ ಅಂಟಿಕೊಳ್ಳುವ ಲೋಹ, ಮೊಂಡು ರೀಮರ್ ಹಾಕಿದರೆ ನೀವು ಈಗ ದೂರುತ್ತಿರುವ ಗೀರುಗಳನ್ನೇ ಮತ್ತೆ ಹುಟ್ಟಿಸುತ್ತೀರಿ. ತೆಗೆಯುವುದು ಒಂದೆರಡು ಥೌ ಅಷ್ಟೇ. ಎಲ್ಲ ಆರೂ ಒಂದೇ ಅಳತೆಗೆ ಬಂದ ದಿನ ಗುರಿಯಲ್ಲಿ ಆಗುವ ಬದಲಾವಣೆ ಕಾಗದದ ಮೇಲೆ ಎದ್ದು ಕಾಣುತ್ತದೆ.

ಆದರೆ ಒಂದೇ ಒಂದು ಗಂಟಲು ದೊಡ್ಡದಾಗಿದ್ದರೆ? ಉದಾಹರಣೆಗೆ ಐದು 0.3575, ಒಂದು 0.361? ಆಗ ಉಳಿದ ಐದನ್ನು ಅದಕ್ಕೆ ಸರಿಯಾಗಿ ಕೊರೆಯುವ ಆಸೆ ಬರುತ್ತದೆ. ದಯವಿಟ್ಟು ಬೇಡ. ಒಂದು ಹಾಳಾಗಿದ್ದಕ್ಕೆ ಆರನ್ನೂ ಹಾಳು ಮಾಡಿದ ಹಾಗೆ. ತೋಟಾವನ್ನು ತಾವೇ ಕಟ್ಟಿಕೊಳ್ಳುವವರಾದರೆ ತುಸು ದೊಡ್ಡ ಸೀಸದ ಗುಂಡು ಬಳಸಿ ಸ್ವಲ್ಪ ಸುಧಾರಿಸಬಹುದು, ಅದೂ ಕಿರಿದಾದ ಐದರಲ್ಲಿ ಆ ತೋಟಾ ಸಲೀಸಾಗಿ ಕೂರುವುದಾದರೆ ಮಾತ್ರ. ಇಲ್ಲದಿದ್ದರೆ ಆ ಒಂದು ಚೇಂಬರ್ ಗುರಿಯಲ್ಲಿ ಹಿಂದೆ ಬೀಳುತ್ತದೆ ಅಂತ ಒಪ್ಪಿಕೊಳ್ಳಬೇಕು, ಅಥವಾ ಸಿಲಿಂಡರ್ ಬದಲಿಸಬೇಕು.

ಈಗ ಸೀಸ ಉಗುಳುವ ಚೇಂಬರ್. ನನಗೆ ನಿಜವಾಗಿ ಚಿಂತೆ ಹಚ್ಚಿದ್ದು ಇದು. ಸೀಸ ಉಗುಳುತ್ತದೆ ಅಂದರೆ ಗುಂಡು ಸಿಲಿಂಡರ್‌ನಿಂದ ನಳಿಗೆಗೆ ದಾಟುವಾಗ ಒಂದು ಅಂಚಿಗೆ ಒರೆಸಿಕೊಂಡು ಹೋಗುತ್ತಿದೆ ಅಂತ. ಮುಖ್ಯವಾಗಿ ಎರಡು ಕಾರಣ ಇರಬಹುದು. ಒಂದು, ಸಿಲಿಂಡರ್ ಪೂರ್ತಿ ತಿರುಗುವ ಮುಂಚೆಯೇ ತೋಟಾ ಸಿಡಿಸುವ ಹ್ಯಾಮರ್ ಬೀಳುತ್ತಿದೆ, ಅಂದರೆ ಟೈಮಿಂಗ್ ತಪ್ಪಿದೆ. ಇನ್ನೊಂದು, ಆ ಚೇಂಬರನ್ನೇ ತಪ್ಪು ಜಾಗದಲ್ಲಿ ಕೊರೆದಿದ್ದಾರೆ.

ಟೈಮಿಂಗ್ ನೋಡುವುದು ಸುಲಭ. ಖಾಲಿ ರಿವಾಲ್ವರ್, ಸಿಲಿಂಡರ್ ಮೇಲೆ ಬೆರಳನ್ನು ಹಗುರವಾಗಿ ಒತ್ತಿ ಹಿಡಿದು, ಹ್ಯಾಮರನ್ನು ತುಂಬಾ ನಿಧಾನವಾಗಿ ಹಿಂದಕ್ಕೆ ಎಳೆಯಿರಿ. ಹ್ಯಾಮರ್ ನಿಲ್ಲುವ ಮುಂಚೆ ಬೋಲ್ಟ್ ಕಚ್ಚಿನಲ್ಲಿ ಟಕ್ ಅಂತ ಬೀಳಬೇಕು. ಆರಕ್ಕೂ ಹೀಗೇ ನೋಡಿ. ಆ ಒಂದು ಚೇಂಬರ್‌ಗೆ ಬೀಳದಿದ್ದರೆ ತೊಂದರೆ ಸಿಲಿಂಡರ್ ತಿರುಗಿಸಲು ಅದರ ಹಿಂದೆ ಇರುವ ಹಲ್ಲಿನದ್ದು, ಅದನ್ನು ಬಂದೂಕು ರಿಪೇರಿ ಬಲ್ಲವರು ಸರಿ ಮಾಡಬಹುದು. ಬಿದ್ದರೆ ಮುಂದಿನ ಪರೀಕ್ಷೆ, ರೇಂಜ್ ರಾಡ್. ಇದು ನಳಿಗೆಯ ಒಳಗೆ ಸರಿಯಾಗಿ ಕೂರುವ ನೇರ ಉಕ್ಕಿನ ಕಡ್ಡಿ. ಬೋಲ್ಟ್ ಕಚ್ಚಿಕೊಂಡಿರುವಾಗ ನಳಿಗೆಯ ಮೂತಿಯಿಂದ ಇಳಿಸಿದರೆ ಅದು ಅಡೆತಡೆ ಇಲ್ಲದೆ ಗಂಟಲಿನೊಳಗೆ ಹೋಗಬೇಕು. ಸಿಲಿಂಡರ್ ಮೂತಿಗೆ ಟಕ್ ಅಂತ ತಾಗಿ ನಿಂತರೆ, ಸಿಲಿಂಡರನ್ನು ಕೈಯಲ್ಲಿ ತುಸು ಅಲ್ಲಾಡಿಸಿ ನೋಡಿ. ಸ್ವಲ್ಪ ಆಟ ಇರುವುದು ಒಳ್ಳೆಯದೇ, ಅದರಿಂದ ಗುಂಡು ತಾನೇ ಚೇಂಬರನ್ನು ಸಾಲಿಗೆ ಎಳೆದುಕೊಳ್ಳುತ್ತದೆ. ಅಲ್ಲಾಡಿಸಿದರೂ ಹೋಗದಿದ್ದರೆ, ಅದೂ ಆ ಒಂದು ಚೇಂಬರ್‌ನಲ್ಲಿ ಮಾತ್ರ, ತೂತು ಜಾಗ ತಪ್ಪಿದೆ ಅನ್ನುವ ಅನುಮಾನ ಗಟ್ಟಿಯಾಗುತ್ತದೆ. ಆ ಚೇಂಬರ್‌ನ ಕಚ್ಚು ಸವೆದಿಲ್ಲ, ತಪ್ಪಾಗಿ ಕೊರೆದಿಲ್ಲ ಅಂತ ಒಮ್ಮೆ ಖಚಿತ ಮಾಡಿಕೊಳ್ಳಿ.

ಜಾಗ ತಪ್ಪಿದ ಚೇಂಬರ್‌ಗೆ ಮದ್ದಿಲ್ಲ. ನಳಿಗೆಯ ಹಿಂಬಾಯಿಯನ್ನು ಅಗಲ ಮಾಡಿ ಮುಚ್ಚಿಡುವವರಿದ್ದಾರೆ. ಸೀಸ ಉಗುಳುವುದು ಕಡಿಮೆ ಆದ ಹಾಗೆ ಕಂಡರೂ ಗುಂಡು ಪ್ರತಿ ಸಲ ವಾಲಿಕೊಂಡೇ ನಳಿಗೆ ಹೊಗುತ್ತದೆ. ಇನ್ನು ನೀವು ಕೇಳಿದ ವೆಲ್ಡ್. ಸಿಲಿಂಡರ್ ಉಕ್ಕಿಗೆ ಕಾಯಿಸಿ ತಣಿಸಿ ಶಕ್ತಿ ಕೊಟ್ಟಿರುತ್ತಾರೆ. ವೆಲ್ಡಿಂಗ್‌ನ ಬಿಸಿಗೆ ಸುತ್ತಲಿನ ಜಾಗ ಒಂದು ಕಡೆ ಮೆತ್ತಗಾಗುತ್ತದೆ, ಇನ್ನೊಂದು ಕಡೆ ಗಾಜಿನ ಹಾಗೆ ಪೆಡಸಾಗುತ್ತದೆ, ಇಡೀ ಸಿಲಿಂಡರ್ ಸೊಟ್ಟಗಾಗುತ್ತದೆ, ಒಳಗೆ ಕಣ್ಣಿಗೆ ಕಾಣದ ಗುಳ್ಳೆಗಳು ಉಳಿಯುತ್ತವೆ. ಹೊರಗಿನಿಂದ ನೋಡಿದರೆ ಅಚ್ಚುಕಟ್ಟು. ಒಳಗೆ 35,000 ಪೌಂಡ್ ಒತ್ತಡ. ಅದು ಒಡೆದರೆ ಸಿಲಿಂಡರ್ ಮೇಲಿರುವ ಚೌಕಟ್ಟಿನ ಪಟ್ಟಿಯನ್ನೂ ಹರಿದುಕೊಂಡು ಹೋಗಬಹುದು, ಪಕ್ಕದಲ್ಲಿ ನಿಂತವರಿಗೂ ಅಪಾಯ. ಹಿತ್ತಾಳೆಯಂಥ ಲೋಹ ಕರಗಿಸಿ ಬೆಸೆಯುವ ಬ್ರೇಜಿಂಗ್‌ಗೂ ಇದೇ ಮಾತು, ಗ್ಯಾಸ್ ಟಾರ್ಚ್ ಹತ್ತಿರ ತರುವುದಕ್ಕೂ ಇದೇ ಮಾತು. ಚೇಂಬರ್ ಒಳಗೆ ತೆಳು ಕೊಳವೆ (ಸ್ಲೀವ್) ಕೂರಿಸಿ ಕಿರಿದು ಮಾಡುವ ಪದ್ಧತಿ ಇದೆ, ಆದರೆ ಅದು ಸಾಮಾನ್ಯವಾಗಿ ಸಣ್ಣ, ಕಡಿಮೆ ಒತ್ತಡದ ತೋಟಾಕ್ಕೆ ಬದಲಿಸುವಾಗ ಮಾಡುವ ಪರಿಣತರ ಕೆಲಸ. ನಿಮ್ಮ ಸಂದರ್ಭಕ್ಕೆ ಅದು ಉತ್ತರವಲ್ಲ.

ಸಿಲಿಂಡರ್ ಬದಲಿಸಬೇಕಾದರೆ ತಯಾರಕರದ್ದೇ ತರಿಸಿ, ಸಾಧ್ಯವಾದರೆ ಅವರ ಕೈಯಲ್ಲೇ ಕೂರಿಸಿ. ಡಬ್ಬಿಯಿಂದ ತೆಗೆದು ಹಾಕಿದರೆ ಕೂರುವ ಭಾಗ ಅಲ್ಲ ಇದು. ಸಿಲಿಂಡರ್ ಮತ್ತು ನಳಿಗೆ ನಡುವಿನ ಸಂದು ಸಾಮಾನ್ಯವಾಗಿ 4ರಿಂದ 8 ಥೌ ಒಳಗೆ ಬರಬೇಕು, ಹಿಂದೆ ಮುಂದೆ ಆಡುವ ಆಟ ಒಂದೆರಡು ಥೌಗಿಂತ ಜಾಸ್ತಿ ಇರಬಾರದು, ಟೈಮಿಂಗ್ ಮತ್ತೆ ಹೊಂದಿಸಬೇಕು. ನಿಮ್ಮ ಹಿಂದಿನ ಮಾಲೀಕರು ಈ ಹೊಂದಿಸುವ ಕೆಲಸವನ್ನೇ ಬಿಟ್ಟಿದ್ದರೂ ಇರಬಹುದು, ಆ ಸಂದನ್ನೂ ಒಮ್ಮೆ ಫೀಲರ್ ಗೇಜ್, ಅಂದರೆ ಅಳತೆಯ ತೆಳು ಉಕ್ಕಿನ ಪಟ್ಟಿ, ಹಾಕಿ ನೋಡಿ. ಎಲ್ಲ ಹೊಂದಿದ ರಿವಾಲ್ವರ್ ಬೇಕೇ ಬೇಕು ಅನ್ನುವವರು ಲೈನ್ ಬೋರಿಂಗ್ ಮಾಡಿಸುತ್ತಾರೆ. ತೂತಿಲ್ಲದ ಸಿಲಿಂಡರನ್ನು ಅದೇ ರಿವಾಲ್ವರ್‌ನ ಬೋಲ್ಟ್ ಹಿಡಿದಿರುವಾಗ, ನಳಿಗೆಯ ನೇರಕ್ಕೆ ಒಂದೊಂದಾಗಿ ಕೊರೆಯುವುದು ಅದು. ದುಬಾರಿ, ಆದರೆ ತಪ್ಪು ಜಾಗಕ್ಕೆ ತೂತು ಬೀಳಲು ಅಲ್ಲಿ ಅವಕಾಶವೇ ಇಲ್ಲ.

ಕಾನೂನಿನ ಮಾತು ಚಿಕ್ಕದಾಗಿ. ಒತ್ತಡ ತಡೆಯುವ ಭಾಗಗಳ ಮೇಲೆ ಕೈ ಹಾಕಲು ಎಷ್ಟೋ ದೇಶಗಳಲ್ಲಿ ಅದಕ್ಕೇ ಬೇರೆ ಲೈಸೆನ್ಸ್ ಬೇಕು. ಬಂದೂಕು ಪರೀಕ್ಷೆಯ ಅಂತರರಾಷ್ಟ್ರೀಯ ಸಂಸ್ಥೆ ಸಿಐಪಿಯ ಒಪ್ಪಂದದ ದೇಶಗಳಲ್ಲಿ ಸಿಲಿಂಡರ್ ಬದಲಿಸಿದರೆ ಮತ್ತೆ ಪ್ರೂಫ್ ಪರೀಕ್ಷೆ ಆಗಲೇಬೇಕು, ಅಂದರೆ ಮಾಮೂಲಿಗಿಂತ ಜಾಸ್ತಿ ಒತ್ತಡದ ತೋಟಾ ಹೊಡೆದು ಅಧಿಕೃತ ಮುದ್ರೆ ಒತ್ತುತ್ತಾರೆ. ನಿಮ್ಮ ಸಿಲಿಂಡರ್ ಮೇಲೆ ಅಂಥ ಮುದ್ರೆ ಇದೆಯಾ, ನಂಬರ್ ಹೊಂದುತ್ತಾ ಅಂತ ನೋಡಿ. ತೊಳೆಯುವುದು, ಅಳೆಯುವುದು, ಅಚ್ಚು ತೆಗೆಯುವುದು ನೀವೇ ಮಾಡಿ. ರೀಮರ್ ಕೆಲಸವನ್ನು ಅದರಲ್ಲೇ ಕೈ ಪಳಗಿದವರಿಗೆ ಕೊಡಿ.

ರಿಪೇರಿ ಆದ ಮೇಲೆ ಪರೀಕ್ಷೆ ಹೀಗೆ ಮಾಡಿ. ಮೊದಲು .38 ಸ್ಪೆಷಲ್, ಒಂದೊಂದೇ ತೋಟಾ, ಪ್ರತಿ ಸಲ ಕೇಸ್ ತೆಗೆದು ನೋಡುತ್ತಾ. ಎಲ್ಲ ಸಲೀಸಾಗಿ ಬಂದರೆ ಆಮೇಲೆ .357. ಆಮೇಲೆ ರಿವಾಲ್ವರನ್ನು ಮರಳಿನ ಚೀಲದ ಮೇಲಿಟ್ಟು, ಪ್ರತಿ ಚೇಂಬರ್‌ನಿಂದ ಐದೈದು ಗುಂಡು, ಪ್ರತಿ ಚೇಂಬರ್‌ಗೆ ಬೇರೆ ಬೇರೆ ಕಾಗದ. ಆರೂ ಕಾಗದಗಳನ್ನು ಸಾಲಾಗಿ ಇಟ್ಟರೆ ಯಾವ ಚೇಂಬರ್ ಇನ್ನೂ ಹಟ ಮಾಡುತ್ತಿದೆ ಅಂತ ಅದೇ ಹೇಳುತ್ತದೆ.

ನಿಮ್ಮ ಸಂದರ್ಭದಲ್ಲಿ ನಾನಾಗಿದ್ದರೆ ರೇಂಜ್ ರಾಡ್ ಪರೀಕ್ಷೆಯನ್ನು ಎಲ್ಲಕ್ಕಿಂತ ಮೊದಲು ಮಾಡಿಸುತ್ತಿದ್ದೆ. ಅದರಲ್ಲಿ ಆ ಚೇಂಬರ್ ಸೋತರೆ ಹೋನ್‌ಗೂ ರೀಮರ್‌ಗೂ ದುಡ್ಡು ಹಾಕಬೇಡಿ, ನೇರ ಹೊಸ ಸಿಲಿಂಡರ್‌ಗೆ ಹೋಗಿ. ಅದು ಪಾಸಾದರೆ ಸಾಲ್ವೆಂಟ್ ಬಾಟಲಿಯಿಂದ ಶುರು ಮಾಡಿ. ಆರೂ ಗಂಟಲಿನ ಅಳತೆ ಬರೆದು ಕಳಿಸಿ, ಯಾವ ಅಳತೆಯ ರೀಮರ್ ಬೇಕು ಅಂತ ಹೇಳುತ್ತೇನೆ. ರೇಂಜ್ ರಾಡ್ ಪರೀಕ್ಷೆ ಪಾಸಾಗುವ ತನಕ ಆ ರಿವಾಲ್ವರ್‌ನಲ್ಲಿ .357 ಹೊಡೆಯಬೇಡಿ.